ಈ ಕುಕ್ಕರನ್ನು ನಾನು ಕೊಡುವುದಿಲ್ಲ

ಈ ಸಂಜೆಯ ಅಧ್ಯಕ್ಷರೂ, ನನಗಿಂತ ಹಿರಿಯರಾಗಿದ್ದೂ ನನಗಿಂತ ಕಪ್ಪು ಕೂದಲು ಉಳಿಸಿಕೊಂಡವರೂ ಆದ ದೇಜಪ್ಪಣ್ಣನವರೇ, ಠಾಣೆಯಲ್ಲಿ ಎರಡು ಲೋಕಲ್ ಬಿಟ್ಟು ಮೂರನೆಯದರಲ್ಲಿ ಹೇಗೋ ಕಾಲೂರಿ ನಮ್ಮ ಡೊಂಬಿವಲಿಗೆ ಬಂದು ತಲುಪಿದ ಮುಖ್ಯ ಅತಿಥಿಗಳೇ, ವೇದಿಕೆಯ ಮೇಲಿರುವ ಗಣ್ಯರೇ, ಕುರ್ಚಿ ಸಾಲದೆ ಕೆಳಗೆ ಕುಳಿತಿರುವ ಗಣ್ಯರೇ, ತಾಯಂದಿರೇ, ಈ ಮುದುಕ ಮುಗಿಸಿದರೆ ನಾಟಕ ಶುರುವಾದೀತು ಎಂದು ಕಾಯುತ್ತಿರುವ ಸಭಿಕ ಬಾಂಧವರೇ,

ನನಗೆ ಒಪ್ಪಿಸಿದ ಕೆಲಸ ಸಣ್ಣದು. ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ಪ್ರತಿ ವರ್ಷ ಒಬ್ಬ ಹುಡುಗಿಗೆ ‘ಆದರ್ಶ ಮಗಳು’ ಎಂಬ ಬಹುಮಾನ ಕೊಡುವ ಪದ್ಧತಿಯಿದೆ. ತಂದೆ ತಾಯಿ ದುಡಿಮೆಗೆಂದು ಹೊರಗಿರುವಾಗ ಯಾರು ಮನೆಯನ್ನು ಚೆನ್ನಾಗಿ ನಡೆಸುತ್ತಾಳೋ ಅವಳಿಗೆ. ಬಹುಮಾನ ಏನು? ಪ್ರೆಶರ್ ಕುಕ್ಕರ್. ನೋಡಿ, ಮೇಜಿನ ಮೇಲೆ ಹೊಳೆಯುತ್ತಿದೆ. ಗಣಿತದಲ್ಲಿ ಹೆಚ್ಚು ಅಂಕ ತೆಗೆದ ಹುಡುಗನಿಗೆ ಕೈಗಡಿಯಾರ. ಹತ್ತನೇ ಇಯತ್ತೆಯಲ್ಲಿರುವ ಈ ಹುಡುಗಿಗೆ ಕುಕ್ಕರ್. ಈ ಸಭೆಯಲ್ಲಿ ‘ಆದರ್ಶ ಮಗ’ ಎಂಬ ಬಹುಮಾನ ಇದೆಯೇ? ಇಲ್ಲ. ಯಾಕೆ ಇಲ್ಲ? ಇರಲಿ, ಅದು ಮುಂದಿನ ವರ್ಷದ ಜಗಳ.

ಈ ವರ್ಷದ ಆದರ್ಶ ಮಗಳು ಸುಮೇಧಾ. ಅಲ್ಲಿ ಬಹುಮಾನದವರ ಸಾಲಿನಲ್ಲಿ, ಕೊನೆಯ ಕುರ್ಚಿಯಲ್ಲಿ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕುಳಿತಿದ್ದಾಳೆ. ನನ್ನ ಪಕ್ಕದ ಮನೆಯ ಹುಡುಗಿ. ಅವಳನ್ನು ಹೊಗಳಿ ಎರಡು ಮಾತಾಡಿ ಕುಕ್ಕರನ್ನು ಅವಳ ಕೈಯಲ್ಲಿಡಿ ಎಂದು ದೇಜಪ್ಪಣ್ಣ ಹೇಳಿದ್ದಾರೆ. ಎರಡು ಮಾತಲ್ಲ, ಇನ್ನೂರು ಮಾತಾಡುತ್ತೇನೆ. ಆದರೆ ಈ ಕುಕ್ಕರನ್ನು ನಾನು ಕೊಡುವುದಿಲ್ಲ.

ಗಂಟೆ ಹೊಡೆಯಬೇಡಿ ದೇಜಪ್ಪಣ್ಣ. ನಾನು ಸಂಘದ ಮರ್ಯಾದೆ ತೆಗೆಯಲು ಬಂದವನಲ್ಲ. ಈ ವೇದಿಕೆ ಹತ್ತುವ ಮೊದಲು ನಾನು ಆ ಮಗುವನ್ನು ಕೇಳಿದ್ದೇನೆ. ‘ಮಗಾ, ನಿನ್ನ ವಿಷಯ ಎಲ್ಲರೆದುರು ಹೇಳಲಾ, ಬೇಡವಾ?’ ಅಂದೆ. ಅವಳು ನನ್ನ ಕನ್ನಡಕ್ಕೆ ಯಾವತ್ತೂ ಹಿಂದಿಯಲ್ಲೇ ಉತ್ತರ ಕೊಡುವುದು. ‘ಬೋಲೋ ಅಜ್ಜಾ. ಮುಝೆ ಕುಕ್ಕರ್ ನಹೀ ಚಾಹಿಯೇ. ಮುಝೆ ಟೆನ್ತ್ ಕಾ ಪರೀಕ್ಷಾ ದೇನಾ ಹೈ’ ಅಂದಳು. ಕುಕ್ಕರ್ ಬೇಡವಂತೆ, ಪರೀಕ್ಷೆಗೆ ಕೂರಬೇಕಂತೆ. ಇಷ್ಟೇ ವಿಷಯ. ಈ ಇಷ್ಟು ವಿಷಯ ನಮ್ಮ ಕಮಿಟಿಯ ಯಾರಿಗಾದರೂ ಗೊತ್ತಿತ್ತೇ? ಬಹುಮಾನ ಕೊಡುವ ಮೊದಲು ಯಾರಾದರೂ ಅವಳನ್ನು ಒಂದು ಮಾತು ಕೇಳಿದಿರಾ?

ಹೊಸಬರಿಗೆ ಹೇಳಬೇಕು. ಸುಮೇಧಾಳ ತಂದೆ ಗುಣಪಾಲರು, ತಾಯಿ ರತ್ನಾವತಿ. ಕೋಪರಖೈರಣೆಯಲ್ಲಿ ಅವರ ಹೋಟೆಲ್. ಚಿಕ್ಕದು, ಶುದ್ಧ ಸಸ್ಯಾಹಾರಿ, ನೀರುದೋಸೆಗೆ ಜನ ವಾಶಿಯಿಂದಲೂ ಬರುತ್ತಾರೆ. ಬೆಳಕು ಹರಿಯುವ ಮುಂಚೆ ಮಾರ್ಕೆಟ್ಟಿನ ಹಮಾಲರಿಗೆ ಚಹಾ ಕೊಡಬೇಕು. ಡೊಂಬಿವಲಿಯಿಂದ ಓಡಾಡಿ ಆಗುವ ಕೆಲಸವಲ್ಲ. ಹಾಗಾಗಿ ಗಂಡ ಹೆಂಡತಿ ಹೋಟೆಲಿನ ಹಿಂದಿನ ಖೋಲಿಯಲ್ಲೇ ಮಲಗುತ್ತಾರೆ. ಹೋಟೆಲಿಗೆ ರಜೆಯಿರುವ ಗುರುವಾರ ಮಾತ್ರ ಇಲ್ಲಿನ ಮನೆಗೆ ಬರುತ್ತಾರೆ. ಇಲ್ಲಿ ಫ್ಲ್ಯಾಟು, ಫ್ಲ್ಯಾಟಿನಲ್ಲಿ ಸುಮೇಧಾ, ಅವಳ ತಮ್ಮ ಮನೀಶ. ಅವನಿನ್ನೂ ಶೂ ಲೇಸು ಕಟ್ಟಲು ಕಲಿಯುತ್ತಿದ್ದಾನೆ.

ಗುಣಪಾಲರೇ, ನೀವು ತಲೆ ತಗ್ಗಿಸಬೇಡಿ. ನಿಮ್ಮನ್ನು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ನೀವು ಒಳ್ಳೆಯವರು, ಅದೇ ತೊಂದರೆ.

ಇನ್ನು ನಮ್ಮ ಕಟ್ಟಡದ ವಿಷಯ. ಡೊಂಬಿವಲಿಯಲ್ಲಿ ಹಗಲು ಯಾರಿರುತ್ತಾರೆ ಹೇಳಿ? ಗಂಡ ಬೆಳಗಿನ ಫಾಸ್ಟ್ ಲೋಕಲ್, ಹೆಂಡತಿ ಮುಂದಿನ ಸ್ಲೋ ಲೋಕಲ್. ಆದರೆ ನಲ್ಲಿ ನೀರು ಹಗಲೇ ಬರುತ್ತದೆ. ಗ್ಯಾಸ್ ಸಿಲಿಂಡರ್ ಹಗಲೇ ಬರುತ್ತದೆ. ಏನು ಮಾಡುವುದು? ಸುಲಭ. ಸುಮೇಧಾ ಮನೆಯಲ್ಲೇ ಇರುತ್ತಾಳಲ್ಲ! ಒಬ್ಬರು ಕೀಲಿಕೈ ಕೊಟ್ಟರು, ‘ಬೇಟಾ, ನೀರು ಬಂದರೆ ನಮ್ಮ ಡ್ರಮ್ಮು ತುಂಬಿಸು.’ ಇನ್ನೊಬ್ಬರು ಕೊಟ್ಟರು, ‘ಸಿಲಿಂಡರ್ ಬಂದರೆ ಒಳಗೆ ಇರಿಸಿಕೊ.’ ನೋಡನೋಡುತ್ತಾ ಇಡೀ ಮಹಡಿಯ ಕೀಲಿಕೈಗಳು ಆ ಹುಡುಗಿಯ ಅಡುಗೆಮನೆಯ ಮೊಳೆಗೆ ಬಂದು ನೇತುಬಿದ್ದವು. ನಾನು ನಿವೃತ್ತ, ಇಡೀ ದಿನ ಮನೆಯಲ್ಲೇ ಇರುವವನು. ನನಗೆ ಮಾತ್ರ ಯಾರೂ ಕೊಡಲಿಲ್ಲ. ಕಿಟ್ಟಣ್ಣ ಮರೆಯುತ್ತಾರಂತೆ. ಹೌದು ಮರೆಯುತ್ತೇನೆ. ಒಮ್ಮೆ ನಲ್ಲಿ ಬಿಟ್ಟು ಗ್ರಂಥಾಲಯಕ್ಕೆ ಹೋಗಿದ್ದೆ, ಕೆಳಗಿನ ಮನೆಯವರ ಟೀವಿಗೆ ಮಳೆ ಬಿತ್ತು. ಆದರೆ ನಾನು ಹೈಸ್ಕೂಲಿಗೆ ಹೋಗಬೇಕಾದವನಲ್ಲವಲ್ಲ!

ಒಂದು ಪ್ರಶ್ನೆ. ಸೋಮವಾರ ಮಧ್ಯಾಹ್ನ, ಬುಧವಾರ ಮಧ್ಯಾಹ್ನ, ಕರೆದಾಗಲೆಲ್ಲ ಒಂದು ಹುಡುಗಿ ಬಾಗಿಲು ತೆರೆಯುತ್ತಾಳೆ. ಆ ಹೊತ್ತಿಗೆ ಅವಳು ಎಲ್ಲಿರಬೇಕಿತ್ತು? ಇಷ್ಟು ಓದಿದ ಜನ ನಾವು, ಬ್ಯಾಂಕಿನವರು, ವಿಮೆಯವರು, ಅಧ್ಯಾಪಕರೂ ಒಬ್ಬರಿದ್ದಾರೆ, ಯಾರಾದರೂ ಕೇಳಿದಿರಾ? ಎದುರು ಮನೆಯ ಮರಾಠಿ ಚಿಕ್ಕಮ್ಮ, ನಮ್ಮ ಕಾಕು, ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ, ‘ಫಾರ್ ಗುಣಾಚೀ ಮುಲ್ಗೀ’ ಅನ್ನುತ್ತಿದ್ದರು, ಬಹಳ ಗುಣವಂತೆ ಹುಡುಗಿ ಎಂದು. ಎದುರು ಮಾತಾಡುವುದಿಲ್ಲ, ಬೇಡ ಎನ್ನುವುದಿಲ್ಲ, ಟೀವಿ ಜೋರಾಗಿ ಹಾಕುವುದಿಲ್ಲ. ಸ್ವಾಮೀ, ಹದಿಹರೆಯದ ಹುಡುಗಿ ಎದುರು ಮಾತಾಡದಿದ್ದರೆ ಸಂತೋಷಪಡುವುದೇ? ನಾನಾದರೆ ಭಯಪಡುತ್ತೇನೆ. ಹುಡುಗ ಕಲ್ಲೆಸೆದರೆ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಹುಡುಗಿ ನೀರು ತುಂಬಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ನಮಗೆ ಕಾಣುವುದು ತುಂಬಿದ ಡ್ರಮ್ಮು ಮಾತ್ರ.

ನನಗೂ ಸಂಜೆ ಒಂದು ಬಟ್ಟಲು ಸಾರು ತಂದುಕೊಡುತ್ತಿದ್ದಳು. ಹುರುಳಿ ಸಾರು. ನನ್ನ ಹೆಂಡತಿ ಸುಗುಣಾ ತೀರಿಹೋದ ಮೇಲೆ ಅಂಥ ಸಾರು ನಾನು ಉಂಡಿರಲಿಲ್ಲ. ಒಗ್ಗರಣೆಗೆ ಈ ಹುಡುಗಿಯೂ ಬೆಳ್ಳುಳ್ಳಿಯನ್ನು ಜಜ್ಜಿಯೇ ಹಾಕುತ್ತಿದ್ದಳು, ಕತ್ತರಿಸುತ್ತಿರಲಿಲ್ಲ. ಅದು ಬೇರೆ ವಿಷಯ.

ನಾವು ಇಂಟರ್ ಆರ್ಟ್ಸ್‌ನಲ್ಲಿ ಓದಿದ್ದೆವು, ನೆಸೆಸಿಟಿ ಈಸ್ ದ ಮದರ್ ಆಫ್... ಯಾವುದರದ್ದೋ ಮದರ್. ಮರೆತೆ. ಮದರ್ ಇದ್ದರು ಎಂಬುದು ಮಾತ್ರ ನೆನಪಿದೆ. ಇಲ್ಲಿ ಮದರ್ ಕೋಪರಖೈರಣೆಯಲ್ಲಿ, ನೆಸೆಸಿಟಿ ಡೊಂಬಿವಲಿಯಲ್ಲಿ.

ಸ್ಕೂಲಿನವರು ಕೇಳಲಿಲ್ಲವೇ ಎನ್ನುತ್ತೀರಿ. ಕೇಳಿದರು. ಕ್ಲಾಸ್ ಟೀಚರು ಮನೀಶನನ್ನು ಕರೆದು ‘ನಿನ್ನ ಅಕ್ಕ ಯಾಕೆ ಬರುತ್ತಿಲ್ಲ?’ ಅಂದರಂತೆ. ಅವನು ಗಂಭೀರವಾಗಿ ‘ದೀದೀ ಬಿಝಿ ಹೈ’ ಅಂದನಂತೆ. ನಗಬೇಡಿ. ನಾನೂ ಮೊದಲು ನಕ್ಕಿದ್ದೆ.

ಮೊನ್ನೆ ಗಣಪತಿ ಹಬ್ಬದ ಹೊತ್ತಿಗೆ ಏನಾಯಿತು ಎಂದು ಈ ಸಭೆಯ ಅರ್ಧ ಜನಕ್ಕೆ ಗೊತ್ತು. ಉಳಿದರ್ಧ ಕೇಳಿ. ಹಬ್ಬದ ಆರ್ಡರುಗಳ ಗದ್ದಲದಲ್ಲಿ ಗುಣಪಾಲರಿಗೆ ಆ ಗುರುವಾರ ಬರಲಾಗಲಿಲ್ಲ, ಅದರ ಮುಂದಿನ ಗುರುವಾರವೂ ಆಗಲಿಲ್ಲ. ಅದೇ ಹೊತ್ತಿಗೆ ನಮ್ಮ ಕಟ್ಟಡದಲ್ಲಿ ಒಂದು ದೊಡ್ಡ ಅನಾಹುತವಾಯಿತು. ಏನು? ಜಯಶೀಲರ ಸಿಲಿಂಡರ್ ವಾಪಸ್ ಹೋಯಿತು! ಗ್ಯಾಸಿನವನು ಬಾಗಿಲು ಬಡಿದು ಬಡಿದು ಹೋದನಂತೆ. ಮರುದಿನ ಎರಡು ಮನೆಯ ಡ್ರಮ್ಮು ಖಾಲಿ. ಜಯಶೀಲರು ಮೆಟ್ಟಿಲಲ್ಲಿ ನಿಂತು ಕೂಗಾಡಿದರು. ಜಯಶೀಲರೇ, ಅಲ್ಲೇ ಇದ್ದೀರಲ್ಲ, ನಿಮ್ಮ ಮಾತನ್ನೇ ಹೇಳುತ್ತೇನೆ, ತಪ್ಪಿದರೆ ತಿದ್ದಿ. ‘ಈ ಹುಡುಗಿಗೆ ಏನು ಧಾಡಿ ಮಾರಾಯ್ರೆ? ಒಳಗೆ ಮಲಗಿಕೊಂಡು ಬಾಗಿಲು ತೆಗೆಯುವುದಿಲ್ಲ ಅಂದ್ರೆ! ಈಗಿನ ಮಕ್ಕಳಿಗೆ ಜವಾಬ್ದಾರಿ ಅಂತ ಉಂಟಾ?’

ಜವಾಬ್ದಾರಿ! ಆ ಶಬ್ದ ಕೇಳಿ ನನ್ನ ಮೈ ಉರಿದದ್ದು ಆ ದಿನವಲ್ಲ, ಆಮೇಲೆ. ಆ ದಿನ ಗ್ರಂಥಾಲಯಕ್ಕೆ ಹೋಗಿದ್ದ ನನ್ನ ಸಿಲಿಂಡರೂ ವಾಪಸ್ ಹೋಗಿತ್ತು.

ನಾವು ಹೋಗಿ ಬಾಗಿಲು ಬಡಿದೆವು. ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು. ಹುಡುಗಿ ಗೋಡೆ ಹಿಡಿದು ನಿಂತಿದ್ದಳು. ಕೈಯಲ್ಲಿ ಜಯಶೀಲರ ಕೀಲಿಕೈ. ನಾವು ಅದಕ್ಕೇ ಬಂದಿದ್ದೇವೆ ಎಂದುಕೊಂಡು ತಂದಿದ್ದಳು. ‘ಸಾರೀ ಅಂಕಲ್, ಚಕ್ಕರ್ ಆ ರಹಾ ಥಾ’ ಅಂದಳು. ತಲೆಸುತ್ತು ಬಂದದ್ದಕ್ಕೆ ನಮ್ಮ ಹತ್ತಿರ ಕ್ಷಮೆ! ಬೆರಳ ತುದಿ, ಉಗುರು ಎಲ್ಲ ಹಳದಿ. ಕಣ್ಣಿನ ಬಿಳಿಯೂ ಹಳದಿ. ಕಾಮಾಲೆ. ಅದು ಒಂದು ದಿನದ್ದಲ್ಲ. ಆ ವಾರವೆಲ್ಲ ಜನ ಬಂದು ಆ ಕೈಯಿಂದಲೇ ಕೀಲಿಕೈ ಇಸಿದುಕೊಂಡು ಹೋಗಿದ್ದರು. ಎದುರು ಮನೆಯ ಕಾಕುವನ್ನು ಆಮೇಲೆ ಕೇಳಿದೆ, ‘ನೀವು ನೋಡಲಿಲ್ಲವೇ?’ ನೋಡಿದ್ದರಂತೆ. ಅಡುಗೆ ಮಾಡುವ ಹುಡುಗಿಯಲ್ಲವೇ, ಅರಿಶಿನ ಅಂದುಕೊಂಡರಂತೆ.

ಅರಿಶಿನ! ಸಭಿಕರೇ, ನನಗೆ ಸಿಟ್ಟು ಬಂದದ್ದು ಇಲ್ಲಿ. ಒಂದು ಮಗುವಿನ ಕೈ ಕಾಯಿಲೆಯಿಂದ ಹಳದಿಯಾದರೆ ನಮಗೆ ಹೊಳೆಯುವುದು ಅಡುಗೆ. ಅವಳು ಬಡಕಲಾದರೆ ನಮಗೆ ಹೊಳೆಯುವುದು ‘ದೊಡ್ಡವಳಾಗುತ್ತಿದ್ದಾಳೆ.’ ಅವಳು ಮಾತು ನಿಲ್ಲಿಸಿದರೆ ನಮಗೆ ಹೊಳೆಯುವುದು ‘ಗುಣವಂತೆ.’ ಐದು ವರ್ಷದ ಕೂಸು ಒಂದು ಹೊತ್ತು ಉಣ್ಣದಿದ್ದರೆ ಮನೆಯೆಲ್ಲ ಓಡಾಡುತ್ತೀರಿ. ಹದಿನೈದಾದ ಕೂಡಲೇ ಆ ಮಗುವಿಗೆ ಹೊಟ್ಟೆ ಇಲ್ಲವೇ? ಜ್ವರ ಬರುವುದಿಲ್ಲವೇ? ಹತ್ತಿರ ಕೂತು ಹಣೆ ಮುಟ್ಟುವ ಒಂದು ಕೈ ಬೇಡವೇ?

ಡಾಕ್ಟರರ ಹತ್ತಿರ ಕರೆದೊಯ್ದೆವು. ಜಯಶೀಲರೇ ಎತ್ತಿಕೊಂಡು ಮೆಟ್ಟಿಲಿಳಿದರು, ಅದನ್ನೂ ಹೇಳಬೇಕು. ಡಾಕ್ಟರರು ಕಣ್ಣು ನೋಡಿ, ಹೊಟ್ಟೆ ಒತ್ತಿ, ‘ಘರ್ ಮೇ ಕೌನ್ ಹೈ?’ ಎಂದು ಕೇಳಿದರು. ಮನೆಯಲ್ಲಿ ಯಾರಿದ್ದಾರೆ? ಹುಡುಗಿ ಆ ಸ್ಥಿತಿಯಲ್ಲೂ ತಡವರಿಸದೆ ಉತ್ತರ ಕೊಟ್ಟಳು, ‘ಮೈ ಹೀ ಹೂಂ ಘರ್ ಮೇ.’ ಮನೆಯಲ್ಲಿ ಇರುವವಳು ನಾನೇ. ಡಾಕ್ಟರರು ನಮ್ಮಿಬ್ಬರ ಮುಖ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

ಅವಳನ್ನು ಅಲ್ಲೇ ಮಲಗಿಸಿ, ಜಯಶೀಲರನ್ನು ಕೂರಿಸಿ, ನಾನು ಠಾಣೆಗೆ ಲೋಕಲ್ ಹಿಡಿದು, ಅಲ್ಲಿಂದ ಬೇಲಾಪುರ ರಸ್ತೆಯ ಬಸ್ಸಿನಲ್ಲಿ ನಿಂತು ಕೋಪರಖೈರಣೆಗೆ ಹೋದೆ. ಹೋಟೆಲು ತುಂಬಿತ್ತು. ಗುಣಪಾಲರು ಗಲ್ಲಾದಲ್ಲಿದ್ದರು. ನನ್ನನ್ನು ನೋಡಿ ಸಂತೋಷದಿಂದ, ‘ಓ ಕಿಟ್ಟಣ್ಣ! ಬನ್ನಿ ಬನ್ನಿ, ಏ, ಅಣ್ಣನಿಗೆ ಒಂದು ಬಿಸಿ ದೋಸೆ!’ ಅಂದರು. ವಿಷಯ ಹೇಳಿದೆ. ಮುಖ ಬಿಳಿಚಿತು. ಆಮೇಲೆ ಏನಂದರು ಗೊತ್ತೇ? ‘ನಾವು ಯಾರಿಗಾಗಿ ಸಾಯುವುದು ಕಿಟ್ಟಣ್ಣ? ಮಕ್ಕಳಿಗಾಗಿಯೇ ಅಲ್ವಾ? ನಾನು ಅವಳ ಪ್ರಾಯದಲ್ಲಿ ಫೋರ್ಟ್‌ನ ಹೋಟೆಲಿನಲ್ಲಿ ಕಪ್ಪುಬಸಿ ತೊಳೆಯುತ್ತಿದ್ದೆ. ನನ್ನನ್ನು ಯಾರು ನೋಡಿಕೊಂಡರು?’

ಇಲ್ಲಿದೆ ನೋಡಿ ನಮ್ಮ ಜನದ ತಪ್ಪು! ಇದು ಗುಣಪಾಲರೊಬ್ಬರ ಮಾತಲ್ಲ. ಈ ಸಭೆಯಲ್ಲಿ ಘಟ್ಟದ ಕೆಳಗಿನಿಂದ ಬಂದ ಹಿರಿಯರು ಎಷ್ಟಿದ್ದೀರೋ ಅಷ್ಟೂ ಜನರ ಮಾತು. ಹನ್ನೆರಡರಲ್ಲಿ ಬಸ್ಸು ಹತ್ತಿದೆವು, ಹದಿಮೂರರಲ್ಲಿ ಕಪ್ಪು ತೊಳೆದೆವು, ರಾತ್ರಿಶಾಲೆಯಲ್ಲಿ ಓದಿದೆವು, ಮನುಷ್ಯರಾದೆವು. ವರ್ಷವರ್ಷ ಇದೇ ವೇದಿಕೆಯಲ್ಲಿ ಇದನ್ನೇ ಹೇಳಿ ಶಾಲು ಹೊದೆಸಿಕೊಳ್ಳುತ್ತೇವೆ. ನಾನೂ ಅಂಥವನೇ. ನಮ್ಮನ್ನು ಯಾರೂ ನೋಡಿಕೊಳ್ಳಲಿಲ್ಲ ಎಂಬುದೇ ನಮಗೆ ಪದಕ. ಅದನ್ನೇ ಈಗ ಮಕ್ಕಳ ಎದೆಗೆ ಚುಚ್ಚುತ್ತಿದ್ದೇವೆ.

ನಿಜ ಹೇಳಿ. ನಮ್ಮನ್ನು ಯಾರೂ ನೋಡಿಕೊಳ್ಳಲಿಲ್ಲವೇ? ಹೋಟೆಲಿನ ಅಟ್ಟದಲ್ಲಿ ಸಾಲಾಗಿ ಮಲಗುತ್ತಿದ್ದೆವು. ಒಬ್ಬನ ಮೈ ಬಿಸಿಯಾದರೆ ಪಕ್ಕದವನಿಗೆ ಸೆಖೆಯಾಗುತ್ತಿತ್ತು. ಅವನು ಏಳುತ್ತಿದ್ದ, ಅಡುಗೆಯ ಭಟ್ಟರನ್ನು ಎಬ್ಬಿಸುತ್ತಿದ್ದ, ಭಟ್ಟರು ಬೈಯುತ್ತಾ ಗಂಜಿ ಕಾಯಿಸುತ್ತಿದ್ದರು. ಈ ಹುಡುಗಿಯ ಪಕ್ಕದಲ್ಲಿ ಮಲಗಿದವರು ಯಾರು? ಶೂ ಲೇಸು ಕಟ್ಟಲು ಬಾರದ ಮನೀಶ.

ನಾನು ಊರು ಬಿಟ್ಟು ಮೊದಲ ಸಲ ಮನೆಗೆ ಹೋದಾಗ ಮೀಸೆ ಬಂದಿತ್ತು. ಅಂಗಳದಲ್ಲಿ ನಿಂತೆ. ಅಮ್ಮ ಭತ್ತ ಹರಡುತ್ತಿದ್ದವಳು ತಲೆಯೆತ್ತಿ, ‘ಏರ್ ಬೋಡು?’ ಅಂದಳು. ಯಾರು ಬೇಕು ಎಂದು! ಸ್ವಂತ ಮಗನನ್ನು ಕೇಳಿದಳು, ಯಾರು ಬೇಕು ಎಂದು! ಈ ಕಥೆಯನ್ನು ನಾನು ಎಷ್ಟೋ ಮದುವೆಮನೆಗಳಲ್ಲಿ ಹೇಳಿ ಜನರನ್ನು ನಗಿಸಿದ್ದೇನೆ. ಸುಗುಣಾ ಮಾತ್ರ ಒಮ್ಮೆಯೂ ನಗಲಿಲ್ಲ. ನಾನು ಶುರು ಮಾಡಿದ ಕೂಡಲೇ ಎದ್ದು ಒಳಗೆ ಹೋಗುತ್ತಿದ್ದಳು. ಹೆಂಗಸರಿಗೆ ಕೆಲವು ತಮಾಷೆಗಳು ಹಿಡಿಸುವುದಿಲ್ಲ. ನಾನು ಎಲ್ಲಿದ್ದೆ? ಹಾಂ, ಕೋಪರಖೈರಣೆ.

ಅಷ್ಟರಲ್ಲಿ ರತ್ನಾವತಿ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಓಡಿಬಂದರು. ‘ಫೋನು ಮಾಡಿದ್ದೆನಲ್ಲ ಅಣ್ಣ! ಪಿಸಿಓದಿಂದ ದಿನಾ ಮಾಡುತ್ತೇನೆ! ಎಲ್ಲ ಸರಿ ಉಂಟು ಅಂದಳಲ್ಲ!’ ನಾನು ಕೇಳಿದೆ, ‘ಫೋನಿನಲ್ಲಿ ಏನು ಮಾತಾಡಿದಿರಿ ತಂಗಿ?’ ಪಾಪ, ಸುಳ್ಳು ಹೇಳುವ ಹೆಂಗಸಲ್ಲ. ನೆನಪು ಮಾಡಿಕೊಂಡು ಒಂದೊಂದೇ ಹೇಳಿದರು. ‘ಮನೀಶ ಊಟ ಮಾಡಿದನಾ ಅಂತ ಕೇಳಿದೆ. ನೀರು ಬಂತಾ ಅಂತ ಕೇಳಿದೆ. ಬಾಗಿಲಿಗೆ ಬೀಗ ಹಾಕಿದೆಯಾ ಅಂತ...’ ಅಷ್ಟು ಹೇಳಿ ನಿಲ್ಲಿಸಿದರು. ನೀನು ಹೇಗಿದ್ದೀ ಎಂಬ ಮುಂದಿನದು ಕೇಳಿರಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು ನನ್ನ ಹಿಂದೆಯೇ ಬಸ್ಸು ಹತ್ತಿದರು.

ಗುಣವಾಯಿತು. ತಾಯಿ ಸ್ವಲ್ಪ ದಿನ ಇಲ್ಲಿದ್ದರು, ಬಾಣಂತಿಯ ಹಾಗೆ ಪಥ್ಯ ಮಾಡಿ ಹಾಕಿದರು. ಆಮೇಲೆ ಹೋಟೆಲು ಕರೆಯಿತು. ಹೋದರು. ಕಾಮಾಲೆ ಇಳಿಯಿತಲ್ಲ, ಇನ್ನೇನು? ದೀಪಾವಳಿಯ ಹೊತ್ತಿಗೆ ಕೀಲಿಕೈಗಳು ಒಂದೊಂದಾಗಿ ಮತ್ತೆ ಆ ಮೊಳೆಗೆ ಬಂದವು. ನಾನು ಕಣ್ಣಾರೆ ನೋಡಿದೆ. ಯಾರಿಗೂ ನಾಚಿಕೆಯಾಗಲಿಲ್ಲ. ‘ಈಗ ಹುಷಾರಾಗಿದ್ದಾಳಲ್ಲ!’ ಎಂದರು. ಇದರ ಮೇಲೆ ನಮ್ಮ ಕಮಿಟಿಯವರು ಸೇರಿ, ಇಂಥ ಕಾಯಿಲೆಯಲ್ಲೂ ಮನೆ ಬಿಡದೆ ನಡೆಸಿದ ಹುಡುಗಿ ಎಂದು ಕುಕ್ಕರಿಗೆ ಹೆಸರು ಬರೆದರು. ಹಸಿದವನು ಕೂಗಲಿಲ್ಲವೆಂದು ಅವನಿಗೆ ಉಪವಾಸದ ಬಹುಮಾನ ಕೊಡುತ್ತೀರಾ ಸ್ವಾಮೀ?

ಈಗ ಅಸಲು ಮಾತಿಗೆ ಬರುತ್ತೇನೆ. ಮಾರ್ಚ್‌ನಲ್ಲಿ ಹತ್ತನೆಯ ಪರೀಕ್ಷೆ. ಸುಮೇಧಾಳ ಹಾಜರಿ ಸಾಲದು. ಕಾಯಿಲೆಯ ದಿನಗಳನ್ನು ಬಿಡಬಹುದು, ನೀರಿನ ದಿನ, ಸಿಲಿಂಡರಿನ ದಿನ, ಮನೀಶನ ಶೀತದ ದಿನ, ಇವುಗಳಿಗೆ ಸರ್ಟಿಫಿಕೇಟು ಕೊಡುವವರು ಯಾರು? ನಾನು ಮುಖ್ಯ ಅಧ್ಯಾಪಿಕೆಯವರ ಹತ್ತಿರ ಹೋಗಿದ್ದೆ. ನನಗೆ ಗೊತ್ತಿದ್ದ ಇಂಗ್ಲೀಷನ್ನೆಲ್ಲ ಖರ್ಚು ಮಾಡಿದೆ. ‘ಮೇಡಂ, ಕೈಂಡ್ಲಿ ಕನ್ಸಿಡರ್ ದ ಗರ್ಲ್ ಚೈಲ್ಡ್’ ಅಂದೆ. ಮುಂದಿನ ವಾಕ್ಯ ಬರಲಿಲ್ಲ, ಕಣ್ಣಲ್ಲಿ ನೀರು ಬಂತು. ಅವರು ಒಳ್ಳೆಯವರು. ‘ಅಜೋಬಾ, ನಾನು ದಾರಿ ಮಾಡುತ್ತೇನೆ. ಆದರೆ ಸೋಮವಾರ ಬೆಳಿಗ್ಗೆ ಅವಳ ಆಯೀ ಬಾಬಾ ಇಬ್ಬರೂ ಬಂದು ನನ್ನೆದುರು ಕೂರಬೇಕು. ಇನ್ನು ಮೇಲೆ ಹಗಲು ಇವಳು ಶಾಲೆಯಲ್ಲಿರುತ್ತಾಳೆ ಎಂದು ಅವರ ಬಾಯಲ್ಲಿ ನಾನು ಕೇಳಬೇಕು. ಆ ದಿನ ದಾಟಿದರೆ ನನ್ನ ಕೈಯಲ್ಲಿಲ್ಲ’ ಅಂದರು.

ಸೋಮವಾರ ಎಂದರೆ ನಾಡಿದ್ದು. ಗುಣಪಾಲರಿಗೆ ಹೇಳಿದೆ. ‘ಸೋಮವಾರ ಒಂದು ಮುಂಜಿಯ ಆರ್ಡರ್ ಉಂಟು ಕಿಟ್ಟಣ್ಣ, ನೀವೇ ಹೋಗಿ ಬನ್ನಿ, ನೀವು ಓದಿದವರು’ ಅಂದರು. ಇವತ್ತು ನೋಡಿ, ಮಗಳಿಗೆ ಬಹುಮಾನ ಎಂದು ಮಧ್ಯಾಹ್ನಕ್ಕೇ ಹೋಟೆಲ್ ಮುಚ್ಚಿ, ಜರಿಯಂಚಿನ ಪಂಚೆ, ಸೀರೆ ಉಟ್ಟು, ಇಬ್ಬರೂ ಬಂದು ಕುಳಿತಿದ್ದೀರಿ. ಕುಕ್ಕರಿಗೆ ಮುಚ್ಚುವ ಹೋಟೆಲು ಪರೀಕ್ಷೆಗೆ ಮುಚ್ಚುವುದಿಲ್ಲವೇ?

ನಾನು ಹೋಗುವುದಿಲ್ಲ ಗುಣಪಾಲರೇ. ನನಗೆ ಸಮಯವಿದೆ, ಕಾಲೂ ಇದೆ, ಆದರೂ ಹೋಗುವುದಿಲ್ಲ. ನಾನು ಹೋದರೆ, ಈ ಮಗುವಿಗೆ ಯಾರೂ ಬರದಿದ್ದರೂ ನಡೆಯುತ್ತದೆ ಎಂದು ನಾನೂ ಒಂದು ಸಾಕ್ಷಿ ಹೇಳಿದ ಹಾಗಾಗುತ್ತದೆ.

ಇನ್ನು ಮಹಡಿಯವರೇ, ಜಯಶೀಲರೇ, ನಾಳೆ ಬೆಳಿಗ್ಗೆ ನಿಮ್ಮ ನಿಮ್ಮ ಕೀಲಿಕೈ ಬಿಡಿಸಿಕೊಳ್ಳಿ. ಇಡಲು ಜಾಗವಿಲ್ಲದಿದ್ದರೆ ನನಗೆ ಕೊಡಿ. ನಾನು ಮರೆಯುತ್ತೇನೆ, ಒಂದೆರಡು ಸಿಲಿಂಡರ್ ವಾಪಸ್ ಹೋಗುತ್ತವೆ. ಹೋಗಲಿ! ಸಂಜೆ ನನ್ನ ಮೇಲೆ ಕೂಗಾಡಿ, ನನಗೂ ಮಾತಾಡಲು ಯಾರಾದರೂ ಬೇಕು. ಸಾರಿನ ಬಟ್ಟಲೂ ಬೇಡ. ನಾನೇ ಅನ್ನ ಮಾಡಿಕೊಳ್ಳುತ್ತಿದ್ದೇನೆ. ಅದು ಗಂಜಿಯಾಗುತ್ತದೆ, ಗಂಜಿಗೆ ಉಪ್ಪಿನಕಾಯಿ ಸಾಕು.

ಅದೇನು, ಗುಣಪಾಲರ ಸಾಲಿನಲ್ಲಿ ಗದ್ದಲ? ರತ್ನಾವತಿ, ಎಲ್ಲಿಗೆ ಎದ್ದಿರಿ? ಹೋಗಬೇಡಿ ತಂಗಿ, ಸಿಟ್ಟು ಬಂದಿದ್ದರೆ ಇಲ್ಲೇ ಬೈಯಿರಿ. ಬಾಗಿಲು ಆ ಕಡೆ... ಓ. ಬಾಗಿಲಿಗಲ್ಲ. ದಾರಿ ಬಿಡಿ, ಕಾಲು ಮಡಿಸಿಕೊಳ್ಳಿ ಸ್ವಲ್ಪ, ಅವರಿಗೆ ಮಗಳ ಹತ್ತಿರ ಹೋಗಬೇಕು. ಮನೀಶಾ, ಆ ಕುರ್ಚಿ ಅಮ್ಮನಿಗೆ ಬಿಡು. ಹಾಂ, ಕುಳಿತರು. ಸುಮೇಧಾಳ ಹಣೆಯ ಮೇಲೆ ಕೈ ಇಟ್ಟು ನೋಡುತ್ತಿದ್ದಾರೆ. ಈಗ ಜ್ವರವಿಲ್ಲ ತಂಗಿ, ಆದರೂ ನೋಡಿ. ನೋಡಿ.

ಚಪ್ಪಾಳೆ ಬೇಡ! ಯಾಕೆ ಚಪ್ಪಾಳೆ? ಇಷ್ಟಕ್ಕೆಲ್ಲ ಚಪ್ಪಾಳೆ ಹೊಡೆದೇ ನಾವು ಹಾಳಾದದ್ದು. ಬದಲಾದದ್ದು ಒಂದು ಕುರ್ಚಿ ಮಾತ್ರ. ಸೋಮವಾರ ಇನ್ನೂ ಬಂದಿಲ್ಲ. ಗುಣಪಾಲರು ಇನ್ನೂ ಅಲ್ಲೇ ಕುಳಿತಿದ್ದಾರೆ, ಅವರ ಪಕ್ಕದ ಕುರ್ಚಿ ಖಾಲಿಯಾಗಿದೆ. ಅದನ್ನು ಅವರು ಸ್ವಲ್ಪ ಹೊತ್ತು ನೋಡಲಿ, ಯಾರೂ ಅಲ್ಲಿ ಹೋಗಿ ಕೂರಬೇಡಿ.

ಇಷ್ಟು ಹೊತ್ತು ಗಂಟೆಯ ಮೇಲಿಂದ ಕೈ ತೆಗೆದಿಟ್ಟ ಅಧ್ಯಕ್ಷರಿಗೆ, ನಾಟಕಕ್ಕೆ ಹಚ್ಚಿದ ಬಣ್ಣ ಒಣಗುತ್ತಿದ್ದರೂ ಪರದೆಯ ಹಿಂದೆ ನಿಂತು ಕೇಳಿದ ಕಲಾವಿದರಿಗೆ, ಬೈಸಿಕೊಂಡೂ ಎದ್ದು ಹೋಗದ ಜಯಶೀಲರಿಗೆ, ‘ಬೋಲೋ ಅಜ್ಜಾ’ ಎಂದು ನನಗೆ ಬಾಯಿ ಕೊಟ್ಟ ಸುಮೇಧಾಳಿಗೆ ನನ್ನ ಧನ್ಯವಾದಗಳು. ನಿಮಗೆಲ್ಲರಿಗೂ ನಮಸ್ಕಾರ.